ಮಕ್ಕಳ ತಿರುಗಿದ ಕುತ್ತಿಗೆಗೆ ಸರಿಯಾದ ಸ್ಕ್ಯಾನ್ ಬೇಕು: ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಬೃಹನ್ಮುಂಬಯಿ ಮಹಾನಗರಪಾಲಿಕೆ ಆಯುಕ್ತರೇ,

ನಮಸ್ಕಾರ. ನಾನು ಮುಲುಂಡಿನಲ್ಲಿರುವ ಕನ್ನಡತಿ. ಸಿಟಿ ಸ್ಕ್ಯಾನ್ ಟೆಕ್ನಿಷಿಯನ್ ಕೆಲಸ ಮಾಡುತ್ತೇನೆ. ಮಗುವಿನ ಕತ್ತು ಒಂದು ಕಡೆ ತಿರುಗಿಕೊಂಡು ವಾರವಾದರೂ ನೇರವಾಗದಿದ್ದರೆ ತಡಮಾಡದೆ ಸರಿಯಾದ ಸಿಟಿ ಆಗಬೇಕು. ಉಪನಗರದ ಪಾಲಿಕೆ ಆಸ್ಪತ್ರೆಗಳಿಗೆ ಈ ನಿಯಮ ಮಾಡಿಕೊಡಿ.

ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ, ಕಲಬುರಗಿ ಕಡೆಯ ತಾಯಂದಿರು "ಅಡ್ಡಾದಿಡ್ಡಿ ಮಲಗಿ ಕತ್ತು ಹಿಡಿದಿದೆ" ಅಂತ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಎಷ್ಟೋ ಸಲ ಅದು ಬರೀ ಉಳುಕೇ, ನಾಲ್ಕು ದಿನದಲ್ಲಿ ತಾನಾಗಿ ಹೋಗುತ್ತದೆ. ಆದರೆ ಗಂಟಲಿನ ಸೋಂಕು, ಟಾನ್ಸಿಲ್ ಆಪರೇಷನ್ ಅಥವಾ ಸಣ್ಣ ಪೆಟ್ಟಿನ ನಂತರ ಕತ್ತಿನ ಮೇಲ್ತುದಿಯ ಮೊದಲ ಎರಡು ಮೂಳೆಗಳು ತಿರುಗಿದ ಜಾಗದಲ್ಲೇ ಸಿಕ್ಕಿಕೊಳ್ಳಬಹುದು. ಆಗ ತಿಕ್ಕುವುದು ಅಪಾಯ.

ಎಕ್ಸ್‌ರೇಯಲ್ಲಿ ಇದು ಸುಲಭಕ್ಕೆ ಸಿಗುವುದಿಲ್ಲ. ತಲೆ ವಾಲಿರುತ್ತದೆ, ಈ ಮೂಳೆಗಳು ಸರಿಯಾಗಿ ಕಾಣಲು ಬಾಯಿ ತೆರೆಯಬೇಕು, ನೋವಿಗೆ ಮಗು ತೆರೆಯುವುದಿಲ್ಲ, ಚಿತ್ರ ಗೋಜಲಾಗುತ್ತದೆ. ಸುಮ್ನೆ ಒಂದು ಸಿಟಿ ತೆಗೆದರೂ ಸಾಲದು. ಯಾಕೆಂದರೆ ಆರೋಗ್ಯವಂತ ಮಗು ತಲೆ ತಿರುಗಿಸಿ ಮಲಗಿದರೂ ಮೊದಲ ಮೂಳೆ ಎರಡನೆಯದರ ಮೇಲೆ ಹಾಗೆಯೇ ತಿರುಗಿರುತ್ತದೆ. ಆ ಒಂದು ಚಿತ್ರದಲ್ಲಿ ಆರೋಗ್ಯವಂತ ಮಗುವೂ ಮೂಳೆ ಸಿಕ್ಕಿಕೊಂಡ ಮಗುವೂ ಒಂದೇ ಥರ ಕಾಣಬಹುದು. ಅದಕ್ಕೇ ಇದ್ದ ಹಾಗೆ ಒಮ್ಮೆ, ಬಲಕ್ಕೆ ತಿರುಗಿಸಿ ಒಮ್ಮೆ, ಎಡಕ್ಕೆ ತಿರುಗಿಸಿ ಒಮ್ಮೆ ತೆಗೆಯಬೇಕು. ಸರಿಯಿರುವ ಕತ್ತಿನಲ್ಲಿ ಮೊದಲ ಮೂಳೆ ಮುಂದಾಗಿ ತಿರುಗುತ್ತದೆ, ಎರಡನೆಯದು ಆಮೇಲೆ ಹಿಂಬಾಲಿಸುತ್ತದೆ. ಸಿಕ್ಕಿಕೊಂಡಿದ್ದರೆ ಎರಡೂ ಒಂದೇ ಮೂಳೆಯಂತೆ ಒಟ್ಟಿಗೆ ತಿರುಗುತ್ತವೆ. ತಲೆಯನ್ನು ಮಗುವೇ ಆದಷ್ಟು ತಿರುಗಿಸಬೇಕು. ನಾವು ಬಲವಂತ ಮಾಡಬಾರದು, ಡಾಕ್ಟರು ಪಕ್ಕದಲ್ಲಿರಬೇಕು. ಆ ಎರಡು ಮೂಳೆಗಳ ಜಾಗಕ್ಕಷ್ಟೇ ಸ್ಕ್ಯಾನ್ ಸೀಮಿತವಾದರೆ ವಿಕಿರಣವೂ ಕಡಿಮೆ.

ನಾನು ನೋಡಿದ ಒಂದು ಮಗುವಿಗೆ ಬೇರೆ ಕಡೆ ಎಕ್ಸ್‌ರೇ ತೆಗೆದು "ಏನೂ ಇಲ್ಲ" ಅಂತ ಕಳಿಸಿದ್ದರು. ವಾರಗಳು ಹೋಗಿದ್ದವು. ಆ ವಾರಗಳಿಗೆ ಬೆಲೆ ಇದೆ, ಸಾರ್. ಬೇಗ ಗೊತ್ತಾದರೆ ಸಾಮಾನ್ಯವಾಗಿ ಮೆತ್ತನೆಯ ಕಾಲರ್, ನೋವಿನ ಮಾತ್ರೆ ಸಾಕು. ತಡವಾದರೆ ಆಸ್ಪತ್ರೆಯಲ್ಲಿ ತಲೆಗೆ ತೂಕ ಕಟ್ಟಿ ಕತ್ತನ್ನು ಎಳೆಯಬೇಕು. ಇನ್ನೂ ತಡವಾದರೆ ಕೆಲವರಿಗೆ ಆಪರೇಷನ್ನೇ ಗತಿ. ನಿಮ್ಮದೇ ಕೆಇಎಂ ಆಸ್ಪತ್ರೆಯಲ್ಲಿದ್ದಾಗ ಡಾ. ಅತುಲ್ ಗೋಯಲ್ ಈ ಮೂಳೆಗಳನ್ನು ಪ್ಲೇಟು, ಸ್ಕ್ರೂ ಹಾಕಿ ಬಿಗಿಯುವ ವಿಧಾನವನ್ನು 1994ರಲ್ಲಿ ಪ್ರಕಟಿಸಿದರು. ಇವತ್ತು ಜಗತ್ತಿನ ಬೇರೆ ಬೇರೆ ಕಡೆ ಅದು ಬಳಕೆಯಲ್ಲಿದೆ. ನಮಗೆಲ್ಲ ಹೆಮ್ಮೆಯ ವಿಷಯ ಅಲ್ವಾ? ಆದರೆ ಕತ್ತಿನ ತಿರುಗಾಟದ ಸುಮಾರು ಅರ್ಧ ನಡೆಯುವುದೇ ಈ ಎರಡು ಮೂಳೆಗಳ ನಡುವಿನ ಕೀಲಿನಲ್ಲಿ. ಅದನ್ನು ಬಿಗಿದರೆ ಮಗು ಆ ತಿರುಗಾಟವನ್ನು ಕಳೆದುಕೊಳ್ಳುತ್ತದೆ. ಬೇಗ ಪತ್ತೆಯಾದರೆ ಎಷ್ಟೋ ಮಕ್ಕಳು ಅಲ್ಲಿವರೆಗೆ ಹೋಗಬೇಕಿಲ್ಲ.

ಇದಕ್ಕೆ ಹೊಸ ಮಶೀನ್ ಬೇಡ. ಒಂದು ಸುತ್ತೋಲೆ, ಟೆಕ್ನಿಷಿಯನ್‌ಗಳಿಗೆ ಸ್ವಲ್ಪ ತರಬೇತಿ, ಇಂಥ ಮಕ್ಕಳಿಗೆ ಕ್ಯೂ ಇಲ್ಲದೆ ಸ್ಕ್ಯಾನ್. ಜೊತೆಗೆ ಟಾನ್ಸಿಲ್ ಆಪರೇಷನ್ ಆದ ಮಕ್ಕಳ ಡಿಸ್ಚಾರ್ಜ್ ಕಾರ್ಡಿನಲ್ಲಿ "ಕತ್ತು ತಿರುಗಿಕೊಂಡರೆ ತಿಕ್ಕಬೇಡಿ, ತಕ್ಷಣ ಬನ್ನಿ" ಎಂಬ ಒಂದು ಸಾಲನ್ನು ಮರಾಠಿ, ಹಿಂದಿ, ಕನ್ನಡದಲ್ಲಿ ಹಾಕಿಸಿ.

ಇಂತಿ,
ಮುಲುಂಡಿನ ಒಬ್ಬ ಸಿಟಿ ಟೆಕ್ನಿಷಿಯನ್