ಮಗಳಿಗೊಂದು ಪತ್ರ: ಶಾಂಘೈನಲ್ಲಿ ಚಿನ್ನ ಕೊಟ್ಟವರು ಕೆಟ್ಟ ಬಗೆ

ಪ್ರೀತಿಯ ಪುಟ್ಟಿಗೆ,

ನಿನ್ನ ಪ್ರಬಂಧದ ಕರಡು ಎರಡು ಸಲ ಓದಿದೆ. ಚೀನಾದ ಅಂತರ್ಯುದ್ಧದ ಭಾಗ ಚೆನ್ನಾಗಿ ಬಂದಿದೆ. 1948ರ ಅಕ್ಟೋಬರ್ 15ಕ್ಕೆ ಜಿನ್‌ಝೌ ಕಮ್ಯುನಿಸ್ಟರ ಕೈಗೆ ಬಿತ್ತು, ನವೆಂಬರ್ 2ಕ್ಕೆ ಶೆನ್ಯಾಂಗ್, ಅದಾಗಿ ನಾಲ್ಕೇ ದಿನಕ್ಕೆ ಹುವಾಯ್‌ಹಾಯ್ ಕದನ ಶುರು. ತಾರೀಖುಗಳೆಲ್ಲ ಸರಿಯಾಗಿವೆ. ಆದರೆ ಚಿಯಾಂಗ್ ಕೈ-ಶೆಕ್ ಸರ್ಕಾರ ಬಿದ್ದದ್ದಕ್ಕೆ ರಣರಂಗದ ಸೋಲೊಂದನ್ನೇ ಕಾರಣ ಮಾಡಿದ್ದೀಯ. ಆ ತಾರೀಖುಗಳ ಪಕ್ಕದಲ್ಲಿ ಇನ್ನೊಂದನ್ನೂ ಬರೆದುಕೋ: ನವೆಂಬರ್ 1. ಅವತ್ತು ಸರ್ಕಾರ ಬೆಲೆ ನಿಯಂತ್ರಣವನ್ನು ಕೈಬಿಟ್ಟಿತು. ಜಿನ್‌ಝೌ, ಶೆನ್ಯಾಂಗ್‌ಗಳಿರುವ ಮಂಚೂರಿಯಾ ಕೈತಪ್ಪಿದ ವಾರದಲ್ಲೇ ಶಾಂಘೈ ಜನರ ನಂಬಿಕೆಯೂ ಕೈತಪ್ಪಿತು. ಅದು ಹೇಗಾಯಿತು ಅನ್ನುವುದನ್ನು ಲೆಕ್ಕ ಹಿಡಿದು ನೋಡಬೇಕು ಮಗಳೇ, ಯಾಕೆಂದರೆ ಇಡೀ ಅನ್ಯಾಯ ಅಡಗಿರುವುದು ಲೆಕ್ಕದಲ್ಲೇ.

1935ರಿಂದ ಶುರು ಮಾಡು. ಅಮೆರಿಕ ಹಿಂದಿನ ವರ್ಷ ಬೆಳ್ಳಿ ಖರೀದಿ ಕಾನೂನು ತಂದು ಬೆಳ್ಳಿಯ ಬೆಲೆ ಏರಿಸಿದ್ದರಿಂದ ಚೀನಾದ ಬೆಳ್ಳಿ ಹಡಗು ಹತ್ತಿ ಹೊರಟಿತ್ತು. ಬೆಳ್ಳಿ ನಾಣ್ಯವನ್ನೇ ನಂಬಿದ್ದ ದೇಶದಲ್ಲಿ ಹಣವೇ ಬತ್ತತೊಡಗಿತು. ಆ ನವೆಂಬರ್‌ನಲ್ಲಿ ಸರ್ಕಾರ ಬೆಳ್ಳಿಯನ್ನು ತನ್ನ ವಶಕ್ಕೆ ತೆಗೆದುಕೊಂಡು ‘ಫಾಬಿ’ ಎಂಬ ನೋಟು ಕೊಟ್ಟಿತು. ಮೊದಲ ಎರಡು ವರ್ಷ ಫಾಬಿ ಚೆನ್ನಾಗಿಯೇ ನಡೆಯಿತು. ಲೋಹ ಕೊಟ್ಟು ಕಾಗದ ತೆಗೆದುಕೊಂಡವರಿಗೆ ಆಗ ಮೋಸವಾಗಲಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

1937ರಿಂದ ಜಪಾನ್ ಕರಾವಳಿಯನ್ನು ಹಿಡಿಯುತ್ತ ಬಂತು. ಬೊಕ್ಕಸಕ್ಕೆ ಬರುತ್ತಿದ್ದ ದೊಡ್ಡ ಆದಾಯಗಳು ಮೂರು: ಬಂದರಿನ ಸುಂಕ, ಉಪ್ಪಿನ ತೆರಿಗೆ, ಕಾರ್ಖಾನೆ ಸರಕಿನ ತೆರಿಗೆ. ಮೂರೂ ಹೆಚ್ಚಾಗಿ ಕರಾವಳಿಯದೇ. ಚೋಂಗ್‌ಚಿಂಗ್‌ಗೆ ಹಿಂದೆ ಸರಿದ ಸರ್ಕಾರದ ಕೈಯಲ್ಲಿ ಸೈನ್ಯ ಉಳಿಯಿತು, ಅದನ್ನು ಸಾಕುವ ಆದಾಯ ಉಳಿಯಲಿಲ್ಲ. 1941ರಲ್ಲಿ ಭೂಕಂದಾಯವನ್ನು ಧಾನ್ಯದ ರೂಪದಲ್ಲಿ ವಸೂಲಿ ಮಾಡತೊಡಗಿದರು, ಆ ಭಾರ ರೈತನ ಮೇಲೆ ಬಿತ್ತು. ಮಿಕ್ಕ ಖೋತಾಕ್ಕೆಲ್ಲ ನೋಟೇ ಗತಿ. ಚೀನಾಕ್ಕೆ ಸರಕು ಹೋಗುತ್ತಿದ್ದ ಬರ್ಮಾ ರಸ್ತೆ ಮುಚ್ಚಿದ ಮೇಲೆ ವಿದೇಶದಲ್ಲಿ ಅಚ್ಚಾದ ನೋಟಿನ ಪೆಟ್ಟಿಗೆಗಳು ನಮ್ಮ ಅಸ್ಸಾಂನಿಂದಲೇ ವಿಮಾನ ಹತ್ತಿ, ಹಿಮಾಲಯದ ಪೂರ್ವದಂಚು ದಾಟಿ ಹೋಗುತ್ತಿದ್ದವು. ಮದ್ದುಗುಂಡು, ಪೆಟ್ರೋಲ್ ಹೋಗುವ ವಿಮಾನದಲ್ಲೇ ನೋಟಿಗೂ ಜಾಗ! 1937ರ ಜೂನ್‌ನಲ್ಲಿ ಚಲಾವಣೆಯಲ್ಲಿದ್ದ ಫಾಬಿ ಸುಮಾರು 140 ಕೋಟಿ. 1945ರ ಆಗಸ್ಟ್‌ನಲ್ಲಿ 55 ಸಾವಿರ ಕೋಟಿಗೂ ಮೇಲೆ. 1948ರ ಆಗಸ್ಟ್‌ಗೆ 600 ಲಕ್ಷ ಕೋಟಿ ದಾಟಿತ್ತು. ಗಮನಿಸು, ಹಣ ಹುಚ್ಚೆದ್ದು ಓಡಿದ್ದು ಜಪಾನ್ ಸೋತ ಮೇಲೆ, ಅಂತರ್ಯುದ್ಧದ ಮೂರು ವರ್ಷಗಳಲ್ಲಿ.

ಗೆದ್ದ ವರ್ಷವೇ ಒಂದು ತಪ್ಪು ಆಗಿತ್ತು. ಜಪಾನ್ ಹಿಡಿತದಲ್ಲಿದ್ದ ನಾನ್‌ಜಿಂಗ್ ಆಡಳಿತದ ನೋಟು 200 ಕೊಟ್ಟರೆ ಒಂದು ಫಾಬಿ ಅಂತ ದರ ಕಟ್ಟಿದರು. ಪೇಟೆಯಲ್ಲಿ ಆ ನೋಟಿಗೆ ಅದಕ್ಕಿಂತ ಹೆಚ್ಚು ಬೆಲೆಯಿತ್ತು. ಎಂಟು ವರ್ಷ ಶತ್ರುವಿನ ಕೆಳಗೆ ಬದುಕಿದ ಯಾಂಗ್‌ತ್ಸೆ ಕೆಳದಂಡೆಯ ಜನರ ಉಳಿತಾಯ, ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಕರಗಿತು.

ಈಗ ಮುಖ್ಯ ಸಂಗತಿಗೆ ಬರೋಣ. 1948ರ ಆಗಸ್ಟ್ 19ರಂದು ‘ಚಿನ್ನದ ಯುವಾನ್’ ಬಂತು. 30 ಲಕ್ಷ ಫಾಬಿಗೆ ಒಂದು ಹೊಸ ಯುವಾನ್, 4 ಯುವಾನ್‌ಗೆ ಒಂದು ಡಾಲರ್. ಮನೆಯಲ್ಲಿರುವ ಚಿನ್ನ, ಬೆಳ್ಳಿ, ಡಾಲರ್ ಎಲ್ಲವನ್ನೂ ಸೆಪ್ಟೆಂಬರ್ 30ರೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ಒಂದು ಲಿಯಾಂಗ್ ಚಿನ್ನಕ್ಕೆ (ಸುಮಾರು 31 ಗ್ರಾಂ) 200 ಯುವಾನ್, ಒಂದು ಬೆಳ್ಳಿ ನಾಣ್ಯಕ್ಕೆ 2 ಯುವಾನ್. ಇಟ್ಟುಕೊಂಡು ಸಿಕ್ಕಿಬಿದ್ದರೆ ಜಪ್ತಿ. ಬೆಲೆಗಳೆಲ್ಲ ಆಗಸ್ಟ್ 19ರ ಮಟ್ಟದಲ್ಲೇ ನಿಲ್ಲಬೇಕು. ನೋಟು 200 ಕೋಟಿ ಮೀರುವುದಿಲ್ಲ ಅಂತ ಸರ್ಕಾರದ ವಾಗ್ದಾನ.

ಆ 200 ಕೋಟಿಯನ್ನು ಕಾಗದದ ಮೇಲೆ ಲೆಕ್ಕ ಹಾಕು. 600 ಲಕ್ಷ ಕೋಟಿ ಫಾಬಿಯನ್ನು 30 ಲಕ್ಷದಿಂದ ಭಾಗಿಸಿದರೆ 20 ಕೋಟಿ. ಅಂದರೆ ದೇಶದ ಹಳೆಯ ನೋಟೆಲ್ಲ ಸೇರಿ ಬಾಳುತ್ತಿದ್ದದ್ದು ಸುಮಾರು 20 ಕೋಟಿ ಹೊಸ ಯುವಾನ್ ಮಾತ್ರ. ಮಿತಿ ಅಂತ ಹೇಳಿದ್ದೇ ಅದರ ಹತ್ತು ಪಟ್ಟು! ಇನ್ನೊಂದು ಲೆಕ್ಕ: ಶಾಂಘೈ ಒಂದರಲ್ಲೇ ಜನ 11 ಲಕ್ಷ ಲಿಯಾಂಗ್‌ಗೂ ಹೆಚ್ಚು ಚಿನ್ನ ಒಪ್ಪಿಸಿದರು. ಲಿಯಾಂಗ್‌ಗೆ 200ರಂತೆ 22 ಕೋಟಿ ಯುವಾನ್ ಆ ಒಂದೇ ಊರಿನ ಕೈಗೆ ಬಂತು. ದೇಶದ ಹಳೆಯ ಹಣದಷ್ಟೇ ಹೊಸ ಹಣ ಒಂದು ನಗರದಲ್ಲಿ, ಅದೂ ಬೆಲೆ ಏರಿಸಬಾರದೆಂಬ ಅಂಗಡಿಗಳ ಮುಂದೆ. ಕಪಾಟು ಖಾಲಿಯಾಗದೆ ಇನ್ನೇನಾಗುತ್ತದೆ?

ಬೆಲೆ ಕಾಯಲು ಶಾಂಘೈಗೆ ಬಂದವನು ಚಿಯಾಂಗ್‌ನ ಮಗ ಚಿಯಾಂಗ್ ಚಿಂಗ್-ಕುವೊ. ಅವನ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ‘ಹುಲಿಗಳನ್ನು’, ಅಂದರೆ ಸರಕು ಬಚ್ಚಿಟ್ಟ ದೊಡ್ಡ ಕುಳಗಳನ್ನು, ‘ಹೊಡೆಯುತ್ತೇವೆ’ ಅಂದ, ವ್ಯಾಪಾರಿಗಳನ್ನು ಜೈಲಿಗೆ ಹಾಕಿದ, ನಗರದ ದೊಡ್ಡ ದಾದಾ ಡು ಯುವೆಷೆಂಗ್‌ನ ಮಗನನ್ನೂ ಬಿಡಲಿಲ್ಲ. ಆದರೆ ದಾಸ್ತಾನಿನ ಜಾಡು ಯಾಂಗ್‌ತ್ಸೆ ಕಂಪನಿಗೆ, ಅಂದರೆ ಡೇವಿಡ್ ಕುಂಗ್‌ನ ಬಾಗಿಲಿಗೆ ಹೋದಾಗ ಕೈ ತಡೆಯಿತು. ಕುಂಗ್ ಅಂದರೆ ಚಿಯಾಂಗ್ ಕೈ-ಶೆಕ್‌ನ ಹೆಂಡತಿ ಮೇಡಂ ಚಿಯಾಂಗ್‌ರ ಅಕ್ಕನ ಮಗ. ಪ್ರಕರಣ ಅಲ್ಲಿಗೇ ತಣ್ಣಗಾಯಿತು, ಊರೆಲ್ಲ ಅದನ್ನು ಕಂಡಿತು.

ಚಿಂಗ್-ಕುವೊನ ಯೋಜನೆ ಕೆಟ್ಟದ್ದು ಭ್ರಷ್ಟಾಚಾರ ಒಂದರಿಂದಲೇ ಅಂತ ಮಾತ್ರ ಬರೆಯಬೇಡ. ಅವನ ಕೋಲಿನ ಭಯ ಇದ್ದದ್ದು ಶಾಂಘೈನಲ್ಲಿ. ಸುತ್ತಲಿನ ಜಿಯಾಂಗ್ಸು, ಝೆಜಿಯಾಂಗ್‌ಗಳಲ್ಲಿ ಅಕ್ಕಿಗೆ ಹೆಚ್ಚು ಬೆಲೆ ಸಿಗುವಾಗ ದೋಣಿಯವನು ನಗರಕ್ಕೆ ಯಾಕೆ ತರುತ್ತಾನೆ? ಹತ್ತಿಯನ್ನು ಹೊರಗಿನ ದರಕ್ಕೆ ಕೊಂಡು ನೂಲನ್ನು ಆಗಸ್ಟ್ ದರಕ್ಕೆ ಮಾರುವ ಗಿರಣಿಗೆ ಪ್ರತಿ ಹೊರೆಗೂ ನಷ್ಟ. ಹಾಗಾಗಿ ಸರಕು ಒಳಗೆ ಬರುವುದು ನಿಂತಿತು, ಒಳಗಿದ್ದದ್ದು ಅಡಗಿತು. ಅಕ್ಟೋಬರ್ ಮೊದಲಲ್ಲಿ ಸರ್ಕಾರವೇ ಸಿಗರೇಟಿನ ತೆರಿಗೆ ಏರಿಸಿ ಹೊಸ ಬೆಲೆಗೆ ಒಪ್ಪಿಗೆ ಕೊಟ್ಟಿತು. ಒಂದು ಬೆಲೆ ಅಲುಗಿದರೆ ಸಾಕಲ್ಲ! ಜನ ನಾನ್‌ಜಿಂಗ್ ರಸ್ತೆಗೆ ನುಗ್ಗಿ, ಬೇಕೋ ಬೇಡವೋ ನೋಡದೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡರು. ನವೆಂಬರ್ 1ಕ್ಕೆ ನಿಯಂತ್ರಣ ಹೋಯಿತು. ಮರುದಿನ ಚಿಂಗ್-ಕುವೊ ನಗರದ ಜನರ ಕ್ಷಮೆ ಕೇಳಿದ.

ನವೆಂಬರ್ 11ರ ಆದೇಶ ಇನ್ನೂ ಕ್ರೂರ. ನೋಟಿನ ಮಿತಿ ರದ್ದು, ಡಾಲರ್‌ಗೆ 20 ಯುವಾನ್, ಚಿನ್ನ ಲಿಯಾಂಗ್‌ಗೆ 1000. ಬೇಕಾದವರು ಚಿನ್ನ ವಾಪಸ್ ಕೊಳ್ಳಬಹುದು, ಆದರೆ ಕೊಳ್ಳುವಷ್ಟೇ ಮೊತ್ತವನ್ನು ಠೇವಣಿಯಾಗಿಯೂ ಇಡಬೇಕು. ಸೆಪ್ಟೆಂಬರ್‌ನಲ್ಲಿ 200ಕ್ಕೆ ಬಳೆ ಒಪ್ಪಿಸಿದ ಮೇಷ್ಟ್ರು ಅದೇ ತೂಕದ ಚಿನ್ನಕ್ಕೆ ಈಗ 2000 ಹೊಂದಿಸಬೇಕು. ಕಾನೂನಿಗೆ ತಲೆಬಾಗಿದವರು ಗುಮಾಸ್ತರು, ಶಿಕ್ಷಕರು, ಸಣ್ಣ ಅಂಗಡಿಯವರು: 1935ರಲ್ಲಿ ಕೊಟ್ಟು ಕೆಡದೇ ಇದ್ದ, ಈ ಸರ್ಕಾರವೇ ಗತಿಯೆಂದು ನಂಬಿದ್ದ ಜನ. ಬಚ್ಚಿಟ್ಟವರು, ಹಾಂಗ್‌ಕಾಂಗ್‌ಗೆ ಸಾಗಿಸಿದವರು ಉಳಿದರು. ಸರ್ಕಾರ ತನ್ನವರನ್ನೇ ಆರಿಸಿ ಆರಿಸಿ ಬರಿಗೈ ಮಾಡಿದಂತಾಯಿತು. ಕಮ್ಯುನಿಸ್ಟರ ಯಾವ ಪ್ರಚಾರವೂ ಇಷ್ಟು ಕೆಲಸ ಮಾಡಿರಲಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಚಿನ್ನ ವಾಪಸ್ ಕೊಳ್ಳಲು ಡಿಸೆಂಬರ್‌ನಲ್ಲಿ ನಿಂತ ಸಾಲಿನ ಫೋಟೋ ನೀನು ನೋಡಿರುತ್ತೀಯ, ಫ್ರೆಂಚ್ ಛಾಯಾಗ್ರಾಹಕ ಕಾರ್ಟಿಯೆ-ಬ್ರೆಸನ್ ತೆಗೆದದ್ದು. ಬ್ಯಾಂಕಿನ ಗೋಡೆಗೆ ಒತ್ತಿಕೊಂಡ ಜನ, ಜಾಗ ಬಿಟ್ಟುಹೋಗದಂತೆ ಮುಂದಿನವರನ್ನು ತಬ್ಬಿ ಹಿಡಿದಿದ್ದಾರೆ, ಮೈಗಳ ನಡುವೆ ಬೆರಳು ತೂರಿಸಲೂ ಸಂದಿಯಿಲ್ಲ. ಆ ನೂಕುನುಗ್ಗಲಿನಲ್ಲಿ 7 ಜನ ಸತ್ತರು. ಅದೇ ತಿಂಗಳ ಆರಂಭದ ಒಂದು ರಾತ್ರಿ ಸುಮಾರು 20 ಲಕ್ಷ ಲಿಯಾಂಗ್ ಚಿನ್ನ ಅಲ್ಲೇ ನದಿ ದಂಡೆಯಿಂದ ಸುಂಕದ ಇಲಾಖೆಯ ಹಡಗು ಹತ್ತಿ ತೈವಾನ್‌ಗೆ ಹೊರಟಿತ್ತು.

ಕಮ್ಯುನಿಸ್ಟರು 1949ರ ಮೇ 27ಕ್ಕೆ ಶಾಂಘೈ ಹಿಡಿದಾಗ ಒಂದು ಲಕ್ಷ ಚಿನ್ನದ ಯುವಾನ್‌ಗೆ ತಮ್ಮ ಹೊಸ ನೋಟು ರೆನ್‌ಮಿನ್‌ಬಿ ಒಂದನ್ನು ಕೊಟ್ಟರು. ಅವರೂ ನೋಟು ಅಚ್ಚು ಹಾಕುತ್ತಿದ್ದರು, ಆ ವರ್ಷ ಬೆಲೆ ಮತ್ತೆ ಮತ್ತೆ ಹಾರಿತು, ಅದನ್ನು ಮುಚ್ಚಿಡಬೇಡ. ಜೂನ್ 10ಕ್ಕೆ ಷೇರುಪೇಟೆ ಕಟ್ಟಡವನ್ನು ಸುತ್ತುವರಿದು ಬೆಳ್ಳಿ ನಾಣ್ಯದ ದಂಧೆಯ 200ಕ್ಕೂ ಹೆಚ್ಚು ಜನರನ್ನು ಹಿಡಿದದ್ದನ್ನೂ ಬರೆ. ಆದರೆ ಅದೇ ತಿಂಗಳು ಅವರು ತಂದ ಠೇವಣಿ ಪದ್ಧತಿಗೆ ನಿನ್ನ ಪ್ರಬಂಧದಲ್ಲಿ ಜಾಗ ಬೇಕೇ ಬೇಕು. ಖಾತೆಯಲ್ಲಿ ಯುವಾನ್ ಬರೆಯುತ್ತಿರಲಿಲ್ಲ, ‘ಘಟಕ’ ಬರೆಯುತ್ತಿದ್ದರು. ಒಂದು ಘಟಕ ಅಂದರೆ 780 ಗ್ರಾಂನಷ್ಟು ಅಕ್ಕಿ, ಒಂದಡಿ ಬಟ್ಟೆ, ಅರ್ಧ ಕಿಲೋ ಕಲ್ಲಿದ್ದಲಿನ ಉಂಡೆ, ಒಂದು ಲಿಯಾಂಗ್ ಕಡಲೆಕಾಯಿ ಎಣ್ಣೆ, ಇವುಗಳ ಒಟ್ಟು ಬೆಲೆ. ಘಟಕದ ದರ ಪತ್ರಿಕೆಯಲ್ಲಿ ದಿನವೂ ಬರುತ್ತಿತ್ತು. ಇಟ್ಟ ದಿನದ ದರಕ್ಕೆ ಜಮಾ, ತೆಗೆದ ದಿನದ ದರಕ್ಕೆ ಪಾವತಿ.

ಶೆನ್ಯಾಂಗ್ ಪ್ಯಾರಾದ ಕೆಳಗೆ ಇದನ್ನು ಸೇರಿಸು. ಜಾಗ ಸಾಲದಿದ್ದರೆ ಎರಡೇ ಅಂಕಿ ಹಾಕು: ಒಂದು ಬೆಳ್ಳಿ ನಾಣ್ಯಕ್ಕೆ 1948ರ ಆಗಸ್ಟ್‌ನಲ್ಲಿ 2 ಚಿನ್ನದ ಯುವಾನ್, 1949ರ ಜುಲೈನಲ್ಲಿ, ಗುವಾಂಗ್‌ಝೌಗೆ ಓಡಿದ್ದ ಅದೇ ಸರ್ಕಾರ ತಾನೇ ಕಟ್ಟಿದ ದರದಲ್ಲಿ, 50 ಕೋಟಿ.

ತಿದ್ದಿದ ಕರಡು ಕಳಿಸು, ಓದಿ ಹೇಳುತ್ತೇನೆ.

ಇಂತಿ,
ನಿನ್ನ ಅಮ್ಮ