ಕಾಪಿ ಮಾಡೋದನ್ನೆಲ್ಲ ಕಳ್ಳತನ ಅನ್ಬೇಡಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪತ್ರಿಕೇಲಿ ಓದುಗರೊಬ್ರು ಬರ್ದಿದ್ರು, ಚಿತ್ರಕಲೆ ಕ್ಲಾಸುಗಳಲ್ಲಿ ಹಳೇ ಪೇಂಟಿಂಗ್ ಇಟ್ಕೊಂಡು ಕಾಪಿ ಹೊಡೆಸ್ತಾರೆ, ಇದ್ರಿಂದ ಸ್ವಂತಿಕೆ ಅನ್ನೋದೇ ಸತ್ತು ಹೋಗತ್ತೆ ಅಂತ. ಅವರ ಸಿಟ್ಟು ಅರ್ಥ ಆಗತ್ತೆ, ಆದ್ರೆ ಆಯಿಲ್ ಪೇಂಟಿಂಗ್ ವಿಷಯದಲ್ಲಿ ಈ ಮಾತು ಒಪ್ಪೋಕಾಗಲ್ಲ.

ರಿಟೈರ್ ಆದ್ಮೇಲೆ ಬ್ರಷ್ ಹಿಡಿದವನು ನಾನು. ನಮ್ಮ ಮೇಷ್ಟ್ರು ಈಗ ಹಾಲೆಂಡಿನ ಯಾಕಬ್ ವಾನ್ ರಾಯ್ಸ್‌ಡಾಲ್ 1670ರ ದಶಕದ ಮೊದಲರ್ಧದಲ್ಲಿ ಬರೆದ ಹಾರ್ಲೆಮ್ ಊರಿನ ಚಿತ್ರ ಮಾಡಿಸ್ತಿದಾರೆ, ಮೂಲ ಇರೋದು ಹೇಗ್ ನಗರದ ಮಾರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿ. ಸುಮಾರು ಎರಡಡಿ ಅಗಲ ಅಷ್ಟೇ, ಅದ್ರಲ್ಲೂ ಮೂರರಲ್ಲಿ ಎರಡು ಪಾಲು ಬರೀ ಆಕಾಶ. ಮೊದ್ಲು ನೋಡಿದಾಗ ಇದೇನಪ್ಪಾ ಬರೀ ಮೋಡ ಅನ್ಸತ್ತೆ. ಬರೆಯೋಕೆ ಕೂತಾಗ್ಲೇ ಗೊತ್ತಾಗೋದು, ಕೆಳಗೆ ಬಯಲಲ್ಲಿ ಬಟ್ಟೆ ಬಿಳುಪು ಮಾಡೋಕೆ ಲಿನನ್ ಹಾಸಿದಾರಲ್ಲ, ಆ ಜಾಗ ಮಾತ್ರ ಬಿಸಿಲಲ್ಲಿ ಫಳಫಳ ಅಂತಿದೆ, ಸುತ್ತ ಮುತ್ತ ನೆರಳು, ಯಾಕಂದ್ರೆ ಮೇಲೆ ಮೋಡ ಬಿಟ್ಕೊಟ್ಟ ಸಂದೀಲಿ ಬೆಳಕು ಅಲ್ಲಿಗೇ ಇಳಿದಿದೆ! ಒಂದು ಮೋಡ ಸ್ವಲ್ಪ ಪಕ್ಕಕ್ಕೆ ಹೋದ್ರೆ ನೆಲದ ಬಿಸಿಲೂ ಸುಳ್ಳಾಗತ್ತೆ. ಇದನ್ನ ನೋಡ್ತಾ ನಿಂತ್ರೆ ಕಲಿಯಲ್ಲ ಸಾರ್, ಕೈಯಲ್ಲೇ ಮಾಡ್ಬೇಕು.

ಬಣ್ಣದ ವಿಷಯವೂ ಹಾಗೇ. ಆಯಿಲ್ ಕಲರ್ ಒಣಗೋದು ಅಂದ್ರೆ ನೀರು ಆರಿದ ಹಾಗಲ್ಲ, ಬಣ್ಣದಲ್ಲಿರೋ ಅಗಸೆ ಎಣ್ಣೆ ಗಾಳಿಯಿಂದ ಆಕ್ಸಿಜನ್ ಹೀರ್ಕೊಂಡು ಗಟ್ಟಿಯಾಗೋದು, ಎಣ್ಣೆ ಜಾಸ್ತಿ ಇದ್ದಷ್ಟೂ ನಿಧಾನ, ಅದಕ್ಕೇ ಕೆಳಗಿನ ಕೋಟ್‌ಗೆ ಎಣ್ಣೆ ಕಮ್ಮಿ ಮೇಲಿನದಕ್ಕೆ ಜಾಸ್ತಿ, ಉಲ್ಟಾ ಮಾಡಿದ್ರೆ ಮುಂದೆ ಬಿರುಕು ಬಿಡೋ ಅಪಾಯ. ಇನ್ನು ಬಿಳಿ. ರಾಯ್ಸ್‌ಡಾಲ್ ಬಳಸಿದ್ದು ಸೀಸದ ಬಿಳಿ, ಅದು ವಿಷ, ನಾವು ಬಳಸೋದು ಟೈಟೇನಿಯಂ ವೈಟ್. ಅದನ್ನ ಟ್ಯೂಬಿಂದ ಹಾಗೇ ಬಳಿದ್ರೆ ಮೋಡ ಸುಣ್ಣ ಬಳಿದ ಗೋಡೆ ಥರ ಕಾಣತ್ತೆ, ಚೂರೇ ಚೂರು ಯೆಲ್ಲೋ ಓಕರ್, ಅಂದ್ರೆ ಮಣ್ಣಿನ ಹಳದಿ, ಬಿದ್ರೆ ಸರಿಹೋಗತ್ತೆ. ಮೋಡದ ತಳಕ್ಕೆ ಕಪ್ಪು ಸುರಿಯೋ ಆತುರ ಎಲ್ರಿಗೂ ಇರತ್ತೆ, ಅಲ್ಲಿ ಬೇಕಿರೋದು ಸ್ವಲ್ಪ ಕಂದು ಬೆರೆತ ಬೂದು.

ಹಾಗೆ ನೋಡಿದ್ರೆ ಮೋಡ ಬರೆಯೋದ್ರಲ್ಲಿ ಹೆಸರು ಮಾಡಿದ ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1832ರಲ್ಲಿ, ಆಗ್ಲೇ ಅಲ್ಲಿನ ಕಲಾವಿದರ ದೊಡ್ಡ ಸಂಸ್ಥೆ ರಾಯಲ್ ಅಕಾಡೆಮಿಯ ಸದಸ್ಯ ಆಗಿದ್ದಾಗ, ಇದೇ ರಾಯ್ಸ್‌ಡಾಲ್‌ನ ಒಂದು ಚಳಿಗಾಲದ ಚಿತ್ರ ಕಾಪಿ ಮಾಡಿದ್ದ. ಆತನ ಸ್ವಂತಿಕೆ ಎಲ್ಲಿ ಸತ್ತೋಯ್ತು ಹೇಳಿ?

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಪರ್ಮಿಷನ್ ತಗೊಂಡ್ರೆ ಮೂಲ ಚಿತ್ರದ ಮುಂದೇನೇ ಈಸೆಲ್ (ಚಿತ್ರ ನಿಲ್ಸೋ ಸ್ಟ್ಯಾಂಡು) ಹಾಕ್ಕೊಂಡು ಕೂತು ಬರೀಬಹುದು, ಕಾಪಿ ಮಾತ್ರ ಮೂಲದ ಅಳತೇಲೇ ಇರಬಾರದು. ಎಷ್ಟು ಸಿಂಪಲ್ ರೂಲ್ ನೋಡಿ, ಮೋಸಕ್ಕೂ ದಾರಿ ಇಲ್ಲ ಕಲಿಯೋಕೂ ಅಡ್ಡಿ ಇಲ್ಲ. ಕಾಪಿ ಮಾಡಿ ಕೆಳಗೆ ಬರೀ ತನ್ನ ಹೆಸರು ಹಾಕ್ಕೊಂಡು ಮಾರೋರಿದಾರಲ್ಲ, ಪತ್ರ ಬರೆದವರು ಅವರನ್ನ ಬೈದಿದ್ರೆ ನಾನೂ ದನಿ ಸೇರಿಸ್ತಿದ್ದೆ.

ನಮ್ಮ ರಾಜ್ಯದ ಗ್ಯಾಲರಿಗಳೂ ವಾರಕ್ಕೊಂದು ದಿನ, ಜನ ಕಮ್ಮಿ ಇರೋ ಹೊತ್ತಲ್ಲಿ, ಮೈಸೂರಿನ ಜಗನ್ಮೋಹನ ಅರಮನೇಲಿರೋ ರವಿವರ್ಮನ ಆಯಿಲ್ ಪೇಂಟಿಂಗ್‌ಗಳಂಥವುಗಳ ಮುಂದೆ ಕಲಿಯೋರಿಗೆ ಹೀಗೇ ಜಾಗ ಮಾಡಿಕೊಡ್ಲಿ. ನೆಲಕ್ಕೆ ಹಾಸೋ ಪ್ಲಾಸ್ಟಿಕ್ ಶೀಟ್ ನಾವೇ ತರ್ತೀವಿ.

ಇಂತಿ ನಿಮ್ಮ ಓದುಗ,
ಮೈಸೂರು