ಬಸು, ಟೆಕ್ಸಸ್‌ನಲ್ಲೂ ಚಿಗರಿ ಇವೆ

ಪ್ರೀತಿಯ ಬಸು,

ನೀನು ಕಳಿಸಿದ ಪಟ್ಟಿ ನೋಡಿದೆ. ಥೀಮ್ ಪಾರ್ಕು, ಅಕ್ವೇರಿಯಂ, ಮತ್ತೆ ಮಾಲು, ಇನ್ನೊಂದು ಮಾಲು. ಮಾಲ್ ನೋಡೋಕೆ ರಾಣೆಬೆನ್ನೂರಿನಿಂದ ಡಲ್ಲಾಸ್‌ವರೆಗೆ ಬರಬೇಕಾ? ಹುಬ್ಬಳ್ಳಿ ಸಾಕಲ್ವಾ? ಅದೂ ಈ ಸಲ ಅಪ್ಪಾಜಿಯನ್ನು ಕರೆದುಕೊಂಡು ಬರುತ್ತಿದ್ದೀಯ. ಅವರನ್ನು ರೋಲರ್ ಕೋಸ್ಟರ್ ಕೆಳಗಿನ ಬೆಂಚಿನ ಮೇಲೆ ಕೂರಿಸಿ ಎಲ್ಲರ ಬ್ಯಾಗು ಕಾಯಲು ಬಿಡುತ್ತೀಯಾ? ಮನೆಯಲ್ಲಿ ಎತ್ತು ಕಟ್ಟಿ ಬೆಳೆದವರು ಅವರು. ಈ ನಾಡು ಕಟ್ಟಿದ್ದೂ ದನ ಕಾಯುವವರೇ. ಇಲ್ಲಿ ನೋಡೋಕೆ ಏನಿದೆ ಅಂತ ಕೇಳುವವರಿಗೆ ನಾನು ಹೇಳೋದು ಒಂದೇ. ದನಗಳ ಬೆನ್ನು ಹತ್ತಿ ಹೋಗಿ, ಟೆಕ್ಸಸ್ ತಾನಾಗಿ ಕಾಣುತ್ತದೆ. ಅದಕ್ಕೇ ನಿನ್ನ ಪಟ್ಟಿ ಪಕ್ಕಕ್ಕಿಟ್ಟು ನನ್ನದೊಂದು ಬರೆಯುತ್ತಿದ್ದೇನೆ. ವೈನಿಗೂ ಓದಿ ಹೇಳು.

ಬಂದ ಮೊದಲ ದಿನ ನಿದ್ದೆಗಣ್ಣು ಇರುತ್ತದೆ, ದೂರ ಹೋಗುವುದು ಬೇಡ. ನಮ್ಮ ಇರ್ವಿಂಗ್‌ನಲ್ಲೇ, ಲಾಸ್ ಕೊಲಿನಾಸ್ ಎಂಬ ಕಡೆ ಎತ್ತರದ ಆಫೀಸು ಕಟ್ಟಡಗಳ ನಡುವೆ ಒಂದು ಕಲ್ಲು ಹಾಸಿದ ಬಯಲಿದೆ. ಹೆಸರು ವಿಲಿಯಮ್ಸ್ ಸ್ಕ್ವೇರ್. ಅದರ ಮಧ್ಯೆ ಹರಿಯುವ ತೊರೆಯನ್ನು 9 ಕಂಚಿನ ಕಾಡುಕುದುರೆಗಳು ಓಡುತ್ತಾ ದಾಟುತ್ತಿವೆ. ನಿಜವಾದ ಕುದುರೆಗಿಂತ ಒಂದೂವರೆ ಪಟ್ಟು ದೊಡ್ಡವು. ಮಾಡಿದವರು ರಾಬರ್ಟ್ ಗ್ಲೆನ್, ಕೀನ್ಯಾದಲ್ಲಿ ಹುಟ್ಟಿದ ಶಿಲ್ಪಿ. 1984ರಲ್ಲಿ ಇಲ್ಲಿ ನಿಲ್ಲಿಸಿದರು. ಆಫ್ರಿಕಾದ ಪ್ರಾಣಿಗಳು ಓಡುವುದನ್ನು ನೋಡಿ ಬೆಳೆದ ಕೈ ಅದು, ಗೊತ್ತಾಗುತ್ತದೆ. ಕುದುರೆಗಳ ಗೊರಸು ನೀರಿಗೆ ಬೀಳುವ ಜಾಗದಲ್ಲಿ ಸಣ್ಣ ಕಾರಂಜಿ ಅಡಗಿಸಿಟ್ಟಿದ್ದಾರೆ. ಕುದುರೆ ಕದಲುವುದಿಲ್ಲ, ನೀರು ಮಾತ್ರ ಸಿಡಿಯುತ್ತಲೇ ಇರುತ್ತದೆ. ಸ್ವಲ್ಪ ಹೊತ್ತು ನೋಡುತ್ತಾ ನಿಂತರೆ ಕಲ್ಲಿನ ಮೇಲೇ ಓಡಿ ಬಂದ ಹಾಗೆ ಅನ್ನಿಸುತ್ತದೆ. ಟಿಕೆಟ್ ಇಲ್ಲ. ನಿನ್ನ ಮಗ ತೊರೆಯಲ್ಲಿ ಕಾಲಿಡೋದು ಖಂಡಿತ, ಇನ್ನೊಂದು ಜೊತೆ ಚಡ್ಡಿ ತಂದುಕೊಳ್ಳಿ.

ಡಲ್ಲಾಸ್ ಊರೊಳಗೆ ಪಯೊನೀರ್ ಪ್ಲಾಜಾ ಅಂತ ಇನ್ನೊಂದಿದೆ. ಅಲ್ಲಿ 49 ಕಂಚಿನ ದನಗಳು ದಿಬ್ಬ ಇಳಿದು ಬರುತ್ತಿವೆ, ಹಿಂದೆ ಮುಂದೆ ಕುದುರೆ ಮೇಲೆ ಮೂವರು ಕೌಬಾಯ್‌ಗಳು. ರಾಬರ್ಟ್ ಸಮ್ಮರ್ಸ್ ಮಾಡಿದ್ದು, 1994ರದ್ದು. ಇವರ ಊರು ಗ್ಲೆನ್ ರೋಸ್. ಆ ಊರಿನ ಹೆಸರು ನೆನಪಿಟ್ಟುಕೋ, ಮುಂದೆ ಅಲ್ಲಿಗೇ ಹೋಗೋದಿದೆ. ಈ ದನಗಳ ನಡುವೆ ಓಡಾಡಬಹುದು. ಶಿಲ್ಪವಾಗಿ ನನಗೆ ಕುದುರೆಗಳೇ ಜಾಸ್ತಿ ಇಷ್ಟ. ಮಕ್ಕಳನ್ನು ಕೇಳಿದರೆ ದನಗಳೇ ಅನ್ನುತ್ತಾರೆ.

ಇನ್ನು ಅಪ್ಪಾಜಿಯ ದಿನ. ಫೋರ್ಟ್ ವರ್ತ್ ಇಲ್ಲಿಂದ ಮುಕ್ಕಾಲು ಗಂಟೆ ದಾರಿ. ಅಲ್ಲಿನ ಸ್ಟಾಕ್‌ಯಾರ್ಡ್ಸ್ ಅಂದರೆ ಹಳೆಯ ದನದ ಪೇಟೆ. ದಿನಾ ಬೆಳಗ್ಗೆ 11:30ಕ್ಕೆ ಒಮ್ಮೆ, ಸಂಜೆ 4ಕ್ಕೆ ಒಮ್ಮೆ, ಇಟ್ಟಿಗೆ ಹಾಸಿದ ರಸ್ತೆಯಲ್ಲಿ ಲಾಂಗ್‌ಹಾರ್ನ್ ಎತ್ತುಗಳನ್ನು ನಡೆಸಿಕೊಂಡು ಹೋಗುತ್ತಾರೆ. ಊರಿನ ಕಡೆಯಿಂದ 1999ರಲ್ಲಿ ಶುರುವಾದದ್ದು. ಕುದುರೆ ಮೇಲಿರುವವರ ಬಟ್ಟೆ, ಜೀನು ಎಲ್ಲ ಹಳೇ ಕಾಲದ್ದು. ಎತ್ತುಗಳು ಮಾತ್ರ ಯಾರನ್ನೂ ಲೆಕ್ಕಕ್ಕಿಡದೆ ನಿಧಾನಕ್ಕೆ ಹೆಜ್ಜೆ ಹಾಕುತ್ತವೆ. ಒಂದಕ್ಕೆ ಕಂದು, ಒಂದಕ್ಕೆ ಬಿಳಿ, ಇನ್ನೊಂದಕ್ಕೆ ಮೈತುಂಬಾ ಚುಕ್ಕೆ. ಕೋಡು ಈ ತುದಿಯಿಂದ ಆ ತುದಿಗೆ ಆರೇಳು ಅಡಿ. ಪಕ್ಕದ ಎತ್ತಿಗೆ ತಾಗದ ಹಾಗೆ ತಲೆಯನ್ನು ಸ್ವಲ್ಪ ಓರೆ ಮಾಡಿಕೊಂಡು ನಡೆಯುತ್ತವೆ, ಅದನ್ನು ಗಮನಿಸು. ಅರ್ಧ ಗಂಟೆ ಮೊದಲೇ ಹೋಗಿ ನೆರಳಿರುವ ಕಡೆ ಜಾಗ ಹಿಡಿಯೋಣ.

ಅಪ್ಪಾಜಿ ಕೇಳೇ ಕೇಳುತ್ತಾರೆ, ಇಷ್ಟು ದನ ಇಲ್ಲಿಗೆ ಯಾಕೆ ಬಂದವು ಅಂತ. ಉತ್ತರ ಪೇಟೆ ಧಾರಣೆ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದಾಗ ಟೆಕ್ಸಸ್ ತುಂಬಾ ದನ, ಕೊಳ್ಳುವವರಿಲ್ಲ. ಇಲ್ಲಿ ನಾಲ್ಕು ಡಾಲರ್‌ಗೆ ಹೋಗುವ ದನಕ್ಕೆ ಉತ್ತರದ ಊರುಗಳಲ್ಲಿ ನಲವತ್ತು ಡಾಲರ್ ಸಿಗುತ್ತಿತ್ತಂತೆ. ರೈಲು ಇದ್ದದ್ದು ದೂರದ ಕ್ಯಾನ್ಸಸ್‌ನಲ್ಲಿ. ಸರಿ, ಅಲ್ಲಿಯವರೆಗೆ ಹೊಡೆದುಕೊಂಡೇ ಹೋಗೋದು. ಆ ಹಾದಿಗೆ ಚಿಸಮ್ ಟ್ರೇಲ್ ಅಂತ ಹೆಸರು. 1866ರಿಂದ 1890ರೊಳಗೆ ಫೋರ್ಟ್ ವರ್ತ್ ದಾಟಿ ಹೋದ ದನಗಳು 40 ಲಕ್ಷಕ್ಕೂ ಜಾಸ್ತಿ ಅನ್ನುತ್ತಾರೆ. 1876ರಲ್ಲಿ ಈ ಊರಿಗೇ ರೈಲು ಬಂತು, ಬಯಲಿಗೆಲ್ಲ ಮುಳ್ಳುತಂತಿ ಬೇಲಿ ಬಂತು, ಅಲ್ಲಿಗೆ ಆ ನಡಿಗೆ ನಿಂತಿತು. ಸಿನಿಮಾದಲ್ಲಿ ನೋಡಿದ ಕೌಬಾಯ್ ಕಾಲ ಅಂದರೆ ಇಷ್ಟೇ, ಇಪ್ಪತ್ತು ಇಪ್ಪತ್ತೈದು ವರ್ಷ. ಅವರೆಲ್ಲ ಬಿಳಿಯರೂ ಅಲ್ಲ. ಮೆಕ್ಸಿಕೊದವರು, ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯ ಜನ, ಎಲ್ಲ ಇದ್ದರು. ರೋಡಿಯೋ ಎಂಬ ಕೌಬಾಯ್ ಆಟಗಳು ನಡೆಯುವ ಕೌಟೌನ್ ಕೊಲಿಸಿಯಂ ಎದುರು ಬಿಲ್ ಪಿಕೆಟ್ ಎಂಬುವನ ಕಂಚಿನ ಪ್ರತಿಮೆ ಇದೆ. ಓಡುವ ಹೋರಿಯ ಕೋಡು ಹಿಡಿದು ನೆಲಕ್ಕೆ ಕೆಡವುವ ಆಟವನ್ನು ಹೆಸರಿಗೆ ತಂದವನು ಇವನೇ, ಕರಿಯ ಕೌಬಾಯ್. ಹೋರಿ ಹಬ್ಬ ನೋಡಿ ಬೆಳೆದ ನಮಗೆ ಅವನ ಕಥೆ ಬೇರೆ ಹೇಳಿಸಿಕೊಳ್ಳಬೇಕಾಗಿಲ್ಲ.

ಶುಕ್ರವಾರ, ಶನಿವಾರ ಸಂಜೆ ಅಲ್ಲೇ ರೋಡಿಯೋ. ಆ ಕಟ್ಟಡ 1908ರದ್ದು. ಹೋರಿ ಸವಾರಿಯಲ್ಲಿ ಎಂಟು ಸೆಕೆಂಡು ಮೇಲೆ ಉಳಿಯಬೇಕು. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈ ಹೋರಿಗೆ ತಾಗಿದರೂ ಔಟ್. ಒಟ್ಟು ನೂರು ಅಂಕದಲ್ಲಿ ಅರ್ಧ ಸವಾರನಿಗೆ, ಅರ್ಧ ಹೋರಿಗೆ! ಚೆನ್ನಾಗಿ ಕುಣಿಯುವ ಹೋರಿಗೆ ಹೆಸರು, ಅಭಿಮಾನಿಗಳು, ಬೆಲೆ ಎಲ್ಲ ಉಂಟು. ಇದನ್ನು ಅಪ್ಪಾಜಿಗೆ ಮೊದಲೇ ಹೇಳಬೇಡ, ಅಲ್ಲೇ ಅವರ ಮುಖ ನೋಡಬೇಕು ನನಗೆ. ಮಕ್ಕಳಿಗೂ ಒಂದು ಆಟ ಇಟ್ಟಿರುತ್ತಾರೆ. ಕರುವಿನ ಬಾಲಕ್ಕೆ ರಿಬ್ಬನ್ ಕಟ್ಟಿ ಬಿಡುತ್ತಾರೆ, ಓಡಿ ಹೋಗಿ ಕಿತ್ತುಕೊಳ್ಳಬೇಕು. ಓಡುವ ಹೋರಿಯ ಮೈಮೇಲಿನ ಕೊಬ್ಬರಿ ಕಿತ್ತುಕೊಳ್ಳುವ ನಮ್ಮ ಕೊಬ್ಬರಿ ಹೋರಿ ಆಟದ್ದೇ ಮರಿ ಅದು. ಆದರೆ ಓಡುವ ಕರುವಿಗೆ ಹಗ್ಗ ಎಸೆದು, ಕೆಡವಿ ಕಾಲು ಕಟ್ಟುವ ಸ್ಪರ್ಧೆ ಬಂದಾಗ ನಾನಂತೂ ಪಾಪ್‌ಕಾರ್ನ್ ತರೋಕೆ ಎದ್ದು ಹೋಗುತ್ತೇನೆ. ರ‍್ಯಾಂಚಿನಲ್ಲಿ (ದನ ಸಾಕುವ ದೊಡ್ಡ ಜಮೀನಿನಲ್ಲಿ) ಔಷಧಿ ಹಾಕಲು ಬೇಕಾದ ಕೆಲಸವೇ ಅದು ಅಂತಾರೆ, ಇರಬಹುದು. ನಿನ್ನ ಮಗಳಿಗೆ ಅದು ಹಿಡಿಸಲಿಕ್ಕಿಲ್ಲ.

ಇನ್ನೊಂದು ಮಾತು. ಆ ಪೇಟೆ ಇದ್ದದ್ದೇ ಮಾಂಸದ ವ್ಯಾಪಾರಕ್ಕೆ. ಈಗಲೂ ರಸ್ತೆಯುದ್ದಕ್ಕೂ ಸ್ಟೇಕ್ ಹೋಟೆಲುಗಳು, ಸುಟ್ಟ ಮಾಂಸದ ವಾಸನೆ. ಅಪ್ಪಾಜಿಗೆ ಕಷ್ಟ ಆಗಬಹುದು, ಮೊದಲೇ ತಿಳಿಸಿಬಿಡು. ಊಟದ ಚಿಂತೆ ಬಿಡು. ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಹೋಗೋಣ.

ಈಗ ಗ್ಲೆನ್ ರೋಸ್. ಇಲ್ಲಿಂದ ಒಂದೂವರೆ ಗಂಟೆ. ಅಲ್ಲಿ ಫಾಸಿಲ್ ರಿಮ್ ಎಂಬ ವನ್ಯಜೀವಿ ಕೇಂದ್ರವಿದೆ. ಮೊದಲು ರ‍್ಯಾಂಚ್ ಆಗಿದ್ದ ಗುಡ್ಡಗಾಡು. ನಮ್ಮ ಕಾರಿನಲ್ಲೇ ನಿಧಾನಕ್ಕೆ ಹೋಗುತ್ತಾ, ಅವರೇ ಮಾರುವ ಮೇವನ್ನು ಕಿಟಕಿಯಿಂದ ಹಾಕಬಹುದು. ಯಾವುದಕ್ಕೆ ಹಾಕಬಾರದು ಅಂತ ಅವರೇ ಹೇಳಿ ಕಳಿಸುತ್ತಾರೆ. ಜಿರಾಫೆ ಕಾರಿನ ಮೇಲಿಂದ ಬಗ್ಗಿ, ಮೊಳದುದ್ದದ ಕಪ್ಪು ನಾಲಗೆ ಚಾಚುತ್ತದೆ. ಸೀಟಿನ ಮೇಲೆಲ್ಲ ಜೊಲ್ಲು. ಅದು ನನ್ನ ಕಾರು, ಪರವಾಗಿಲ್ಲ.

ಆದರೆ ನಿನ್ನನ್ನು ಅಲ್ಲಿಗೆ ಕರೆದೊಯ್ಯುವುದು ಜಿರಾಫೆಗಾಗಿ ಅಲ್ಲ. ಒಂದು ತಿರುವಿನಲ್ಲಿ, ಒಣಹುಲ್ಲಿನ ಮೇಲೆ, ತಿರುಚಿದ ಕೋಡು, ಕಪ್ಪು ಬೆನ್ನು, ಬಿಳಿ ಹೊಟ್ಟೆ, ಕಣ್ಣ ಸುತ್ತ ಬಿಳಿ ಉಂಗುರ. ನಮ್ಮ ಚಿಗರಿ, ಅಂದರೆ ಕೃಷ್ಣಮೃಗ! ಹುಬ್ಬಳ್ಳಿ ಧಾರವಾಡದ ಬಸ್ಸಿಗೆ ಹೆಸರು ಕೊಟ್ಟ ಅದೇ ಚಿಗರಿ. ನಿಮ್ಮ ಗೋವಿನಜೋಳದ ಮೊಳಕೆ ಮೇಯ್ದು ಅಪ್ಪಾಜಿಯಿಂದ ಬೈಸಿಕೊಳ್ಳುವುದೂ ಅದೇ. 1932ರಲ್ಲಿ ಟೆಕ್ಸಸ್‌ನ ಕೆರ್ ಕೌಂಟಿಯ ಒಂದು ರ‍್ಯಾಂಚಿನಲ್ಲಿ ಮೊದಲು ಬಿಟ್ಟರಂತೆ. ಬಂಡೀಪುರದ ಚುಕ್ಕೆ ಜಿಂಕೆಯೂ ಅದೇ ಹೊತ್ತಿಗೆ ಬಂತು. ದಕ್ಷಿಣದ ಕಿಂಗ್ ರ‍್ಯಾಂಚಿನವರು ನೀಲಗಾಯ್ ತಂದರು. ಆ ರ‍್ಯಾಂಚು 8,25,000 ಎಕರೆ, ಎಂಟು ಎಕರೆಗೆ ಬದು ಜಗಳ ಆಡುವ ನಮ್ಮವರಿಗೆ ಹೇಳಿದರೆ ನಂಬಲ್ಲ.

ಪಾಕಿಸ್ತಾನದ ಕಾಡಿನಲ್ಲಿ ಚಿಗರಿ ಸಂಪೂರ್ಣ ಅಳಿದಾಗ, ಅಲ್ಲಿಗೆ ಮತ್ತೆ ತಳಿ ಹೋದದ್ದು ಇದೇ ಟೆಕ್ಸಸ್‌ನಿಂದ, 1970ರ ಸುಮಾರಿಗೆ. ಕತ್ತಿಯಂಥ ಕೋಡಿನ ಓರಿಕ್ಸ್ ಸಹಾರಾದಲ್ಲಿ ಕಾಣೆಯಾದಾಗಲೂ ಇಲ್ಲಿನ ರ‍್ಯಾಂಚುಗಳಲ್ಲಿ ಸಾವಿರಗಟ್ಟಲೆ ಇತ್ತು. ಹೀಗೆ ಉಳಿದದ್ದು ಹೇಗೆ ಗೊತ್ತಾ? ಬೇಟೆಯಿಂದ. ಫಾಸಿಲ್ ರಿಮ್ ತಳಿ ಉಳಿಸುವ ಜಾಗ, ಅಲ್ಲಿ ಬೇಟೆ ಇಲ್ಲ. ಆದರೆ ಖಾಸಗಿ ರ‍್ಯಾಂಚುಗಳಲ್ಲಿ ಈ ಹೊರಗಿನ ಪ್ರಾಣಿಗಳನ್ನು ದುಡ್ಡು ಕೊಟ್ಟು ಹೊಡೆಯಬಹುದು. ಆ ದುಡ್ಡಿಗಾಗಿಯೇ ಮಾಲೀಕರು ಸಾಕುತ್ತಾರೆ. ನಮ್ಮಲ್ಲಿ 1972ರ ಕಾಯ್ದೆ ಪ್ರಕಾರ ಚಿಗರಿ ಕೊಂದರೆ ಜೈಲು. 1974ರಲ್ಲಿ ಅದಕ್ಕೆಂದೇ ನಿಮ್ಮೂರ ಪಕ್ಕ ಅಭಯಾರಣ್ಯ ಮಾಡಿದರು. ಎರಡೂ ಕಡೆ ಪ್ರಾಣಿ ಬದುಕಿದೆ ಅನ್ನೋದು ನಿಜ. ಆದರೂ ದರಪಟ್ಟಿಯಲ್ಲಿ ಚಿಗರಿ ಹೆಸರು ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ಇದರ ಬಗ್ಗೆ ನಿನ್ನ ಜೊತೆ ಜಗಳ ಆಡೋದಿದೆ, ನೀನು ರೈತರ ಪರ ನಿಲ್ಲುತ್ತೀಯ ಅಂತ ಗೊತ್ತು.

ಅದೇ ಊರಿನ ಪಲಕ್ಸಿ ನದಿಯ ಕಲ್ಲಿನಲ್ಲಿ ಡೈನೊಸಾರ್ ಹೆಜ್ಜೆ ಗುರುತುಗಳಿವೆ. ನೀರು ಕಡಿಮೆ ಇದ್ದರೆ ಮಗ ಅದರೊಳಗೇ ಕೂರಬಹುದು.

ರಜೆ ಉಳಿದರೆ ಅಮರಿಲೊ. ಕಾರಿನಲ್ಲಿ ಐದಾರು ಗಂಟೆ, ಚಪ್ಪಟೆ ನೆಲ. ಅಲ್ಲೊಂದು ಹೊಲದಲ್ಲಿ 10 ಕ್ಯಾಡಿಲ್ಯಾಕ್ ಕಾರುಗಳನ್ನು ಮೂತಿ ಕೆಳಗೆ ಮಾಡಿ ಹೂತಿದ್ದಾರೆ, 1974ರಲ್ಲಿ ಮಾಡಿದ್ದು. ಯಾರು ಬೇಕಾದರೂ ಸ್ಪ್ರೇ ಬಣ್ಣ ಹೊಡೆಯಬಹುದು. ಗೋಡೆ ಮೇಲೆ ಗೀಚಿ ಬೈಸಿಕೊಳ್ಳುವ ನಿನ್ನ ಮಗಳಿಗೆ ಸ್ವರ್ಗ. ಹತ್ತಿರದಲ್ಲೇ ಪಾಲೊ ಡ್ಯೂರೊ ಕಣಿವೆ, ಇನ್ನೂ ಸ್ವಲ್ಪ ದೂರದಲ್ಲಿ ಕ್ಯಾಪ್‌ರಾಕ್ ಕ್ಯಾನ್ಯನ್ಸ್. ಬಯಲಿನ ಕಾಡೆಮ್ಮೆಗಳಾದ ಬೈಸನ್‌ಗಳನ್ನೆಲ್ಲ ಚರ್ಮಕ್ಕಾಗಿ ಕೊಂದು ಮುಗಿಸುತ್ತಿದ್ದಾಗ, ಚಾರ್ಲ್ಸ್ ಗುಡ್‌ನೈಟ್ ಎಂಬ ರ‍್ಯಾಂಚ್ ಮಾಲೀಕನ ಹೆಂಡತಿ ಮೇರಿ ಆ್ಯನ್ ಕೆಲವು ಕರುಗಳನ್ನಾದರೂ ಉಳಿಸೋಣ ಅಂತ ಗಂಡನ ಬೆನ್ನು ಬಿದ್ದಳಂತೆ. ಆ ಸಂತತಿಯೇ ಇಂದು ಕ್ಯಾಪ್‌ರಾಕ್‌ನಲ್ಲಿ ಮೇಯುತ್ತಿದೆ. ಒಮ್ಮೊಮ್ಮೆ ರಸ್ತೆಗೆ ಅಡ್ಡ ನಿಲ್ಲುತ್ತವೆ. ಹಾರ್ನ್ ಹಾಕುವ ಹಾಗಿಲ್ಲ, ಕಾಯಬೇಕು.

ದಸರಾ ರಜೆಗೇ ಬಾ. ಬೇಸಿಗೆಯಲ್ಲಿ ಇಲ್ಲಿ ಅಪ್ಪಾಜಿಗೆ ತಡೆಯದಷ್ಟು ಬಿಸಿಲು. ಎಲ್ಲರಿಗೂ ಅಂಚು ಅಗಲದ ಟೋಪಿ ಇರಲಿ, ಕೌಬಾಯ್ ಟೋಪಿ ಅಲ್ಲಿಂದ ತರಬೇಡ, ಇಲ್ಲೇ ಕೊಳ್ಳೋಣ. ಫಾಸಿಲ್ ರಿಮ್ ಟಿಕೆಟ್ ಮೊದಲೇ ತೆಗೆದಿಡಬೇಕು, ಆದ್ದರಿಂದ ತಾರೀಖು ಬೇಗ ತಿಳಿಸು. ಬ್ಯಾಡಗಿ ಮೆಣಸಿನಪುಡಿ ಎರಡು ಕೆಜಿ, ಸೀಲ್ ಮಾಡಿಸಿಕೊಂಡು ಬಾ.

ನಿನ್ನ,
ಶಿವು
ಇರ್ವಿಂಗ್, ಟೆಕ್ಸಸ್